ಬರೆಯೋ ಕೈ ಯಾವುದು

ಡಯಾಲಿಸಿಸ್ ಕೋಣೆಯೊಳಗೆ ಬಿಳಿ ಕೋಟುಗಳ ಹಿಂಡು ನುಗ್ಗಿತೆಂದರೆ ಎಡಚನಿಗೆ ತಿಳಿದುಹೋಗುತ್ತಿತ್ತು, ಇವತ್ತು ತನ್ನ ತೋಳಿನ ಪ್ರದರ್ಶನ ಇದೆ ಎಂದು. ಕಿಟಕಿ ಪಕ್ಕದ ಕುರ್ಚಿ ಅವನದು. ರೆಕ್ಸಿನ್ ಹರಿದು ಒಳಗಿನ ಸ್ಪಂಜು ಇಣುಕುತ್ತಿತ್ತು. ಎಡಗೈಯನ್ನು ದಿಂಬಿನ ಮೇಲೆ ಚಾಚಿಕೊಂಡು, ಅದಕ್ಕೆ ಚುಚ್ಚಿದ ಎರಡು ದಪ್ಪ ಸೂಜಿಗಳಿಂದ ತನ್ನದೇ ರಕ್ತ ಯಂತ್ರಕ್ಕೆ ಹೋಗಿ, ತೊಳೆದುಕೊಂಡು, ವಾಪಸು ಬರುವುದನ್ನು ನೋಡುತ್ತಾ ಅವನು ಅರ್ಧ ದಿನ ಕಳೆಯಬೇಕು. ಒಂದು ದಿನ ಬಿಟ್ಟು ಒಂದು ದಿನ. ಕಿಡ್ನಿ ಎರಡೂ ಕೈಕೊಟ್ಟ ಮೇಲೆ ಬದುಕೆಂದರೆ ಇಷ್ಟೇ: ಒಂದು ದಿನ ಕುರ್ಚಿ, ಇನ್ನೊಂದು ದಿನ ಕುರ್ಚಿಯ ಸುಸ್ತು.

"ನೋಡಿ, ಇದೇ ನಾನು ಹೇಳಿದ ಫಿಸ್ಟುಲಾ," ಎಂದರು ರಕ್ತನಾಳದ ಡಾಕ್ಟರು. ಅವನ ಮೊಣಕೈ ಮಡಿಕೆಯಲ್ಲಿ ಹೃದಯದಿಂದ ಬರುವ ನಾಳವನ್ನೂ ಹೃದಯಕ್ಕೆ ಹೋಗುವ ನಾಳವನ್ನೂ ಕೂಡಿಸಿ ಹೊಲಿದವರು ಅವರೇ. ಹಾಗೆ ಕೂಡಿಸಿದರೆ ನಾಳ ಉಬ್ಬುತ್ತದೆ, ಗೋಡೆ ದಪ್ಪಗಾಗುತ್ತದೆ, ಸೂಜಿಯ ಪೆಟ್ಟನ್ನು ವರ್ಷಗಟ್ಟಲೆ ತಡೆದುಕೊಳ್ಳುತ್ತದೆ. ಹೊಸ ರೀತಿಯಲ್ಲಿ ಹೊಲಿದ ನಾಳ ಎಷ್ಟು ಕಾಲ ತೆರೆದಿರುತ್ತದೆ ಎನ್ನುವುದೇ ಅವರ ಸಂಶೋಧನೆ. "ನಮ್ಮ ಅಧ್ಯಯನದಲ್ಲಿ ಇರೋದರಲ್ಲೆಲ್ಲ ಇದೇ ನಂಬರ್ ಒನ್. ಮುಟ್ಟಿ ನೋಡಿ."

ಕಲಿಯುವ ಡಾಕ್ಟರುಗಳು ಒಬ್ಬೊಬ್ಬರಾಗಿ ಮುಟ್ಟಿದರು. ಉಬ್ಬಿದ ನಾಳ ಚರ್ಮದ ಕೆಳಗೆ ಜೇನುಗೂಡಿನಂತೆ ಗುಂಯ್ ಎನ್ನುತ್ತಿತ್ತು. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರ ಹಾಗೆ ಅವರು ತೋಳು ತಿರುಗಿಸಿ ನೋಡುತ್ತಿದ್ದರೆ ಎಡಚ ಹಲ್ಲು ಕಚ್ಚಿಕೊಂಡು ಕೂತಿದ್ದ.

"ಸಾರ್, ಬೆರಳು ತಣ್ಣಗಿರುತ್ತೆ," ಎಂದ.

"ಸ್ವಲ್ಪ ದಿನ ಹಾಗಿರುತ್ತಪ್ಪಾ. ಗ್ಲೌಸ್ ಹಾಕ್ಕೋ."

"ಸ್ವಲ್ಪ ದಿನ ಅಲ್ಲ ಸಾರ್..."

ಹಿಂಡು ಆಗಲೇ ಬಾಗಿಲು ದಾಟಿತ್ತು. ಯಂತ್ರದ ಗುಂಡಿ ಒತ್ತುತ್ತಿದ್ದ ಸಿಸ್ಟರು ಅವನ ಕಡೆ ತಿರುಗಿದರು. "ಏನ್ ಹೀರೋ, ಎಲ್ಲರೂ ಬಂದು ಹೊಗಳಿ ಹೋದ್ರೂ ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?"

"ಹರಳೆಣ್ಣೆ ಕುಡಿಯೋಕಾದ್ರೂ ಬಿಡ್ತೀರಾ ನೀವು? ಅದನ್ನೂ ನೀರಿನ ಲೆಕ್ಕಕ್ಕೆ ಸೇರಿಸ್ತೀರ."

ಸಿಸ್ಟರು ನಕ್ಕರು. ಅವನು ನಗಲಿಲ್ಲ. ನಗುವುದಕ್ಕೂ ಮೈಯಲ್ಲಿ ಒಂದಿಷ್ಟು ಉಳಿದಿರಬೇಕಲ್ಲ.

ಗ್ಯಾರೇಜಿನಲ್ಲಿ ಅವನದು ಟಿಂಕರಿಂಗ್ ಕೆಲಸ. ಗುದ್ದಿಸಿಕೊಂಡು ಬಂದ ಗಾಡಿಗಳ ನೆಗ್ಗಿದ ಬಾಗಿಲು, ಬಾನೆಟ್ಟುಗಳನ್ನು ಬಡಿದು ಬಡಿದು ಮೊದಲಿನ ಮೈಗೆ ತರುವುದು. ಒಳಗಿನಿಂದ ಬಲಗೈಯಲ್ಲಿ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಹೊರಗಿನಿಂದ ಎಡಗೈಯಲ್ಲಿ ಸುತ್ತಿಗೆ. ಆ ಎಡಗೈ ಏಟಿಗೇ ಅವನಿಗೆ ಎಡಚ ಎಂಬ ಹೆಸರು ಬಿದ್ದದ್ದು, ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಆಸ್ಪತ್ರೆಯವರಷ್ಟೇ ಕರೆಯುತ್ತಿದ್ದದ್ದು.

ಮರುದಿನ ಒಂದು ಬಾನೆಟ್ಟಿನ ಮೇಲೆ ಬಗ್ಗಿದ್ದ. ತಗ್ಗೆಲ್ಲ ಎದ್ದು ಬಂದಿತ್ತು, ಕೊನೆಯ ಹದ ಬಾಕಿ. ಸುತ್ತಿಗೆ ಎತ್ತಿದ. ಎತ್ತಿದ್ದು ಗೊತ್ತು. ಅದರ ಹಿಡಿ ಬೆರಳುಗಳಿಂದ ಯಾವಾಗ ಜಾರಿತೋ ಗೊತ್ತಾಗಲಿಲ್ಲ. ಸುತ್ತಿಗೆ ತಲೆಕೆಳಗಾಗಿ ಬಿದ್ದು, ಅವನು ಬೆಳಗಿನಿಂದ ನೇರ ಮಾಡಿದ್ದ ತಗಡಿನ ನಡುಮಧ್ಯೆ ಒಂದು ಗುಳಿ ಮೂಡಿಸಿ ನೆಲಕ್ಕುರುಳಿತು. ಬೆರಳುಗಳು ಮೇಣದ ಹಾಗೆ ಬೆಳ್ಳಗಿದ್ದವು.

ಮೇಸ್ತ್ರಿ ಬಂದು ಗುಳಿ ನೋಡಿದ. ಅವನು ಬೈಯುವ ಆಸಾಮಿ. ಬೈಯಲಿಲ್ಲ. ಎಡಚ ಹೆದರಿದ್ದು ಅದಕ್ಕೇ.

"ಬೈಯಿ ಮೇಸ್ತ್ರಿ."

"ಏನಂತ ಬೈಯಲೋ? ಎಮರಿ ಪೇಪರ್ ತಗೊಂಡು ಆ ಬಾಗಿಲು ಉಜ್ಜು ಹೋಗು. ಸುತ್ತಿಗೆ ಸದ್ಯಕ್ಕೆ ಬೇಡ." ತಿರುಗಿ ಹೋಗುತ್ತಾ ಸೇರಿಸಿದ, "ಬಲಗೈಲಿ ಅಭ್ಯಾಸ ಮಾಡ್ಕೋಬಾರದಾ?"

ಎಡಚ ಎಮರಿ ಪೇಪರನ್ನು ಮುದ್ದೆ ಮಾಡಿ ಗೋಡೆಗೆ ಬೀಸಿ ಒಗೆದ. ಅದು ಕಾಗದ. ಗೋಡೆಗೆ ಏನೂ ಆಗಲಿಲ್ಲ.

ಬಲಗೈ ಅಭ್ಯಾಸ! ಆ ಮಾತನ್ನು ಅವನು ಹಿಂದೊಮ್ಮೆ ಕೇಳಿದ್ದ. ಶಾಲೆಯಲ್ಲಿ ಎಡಗೈಯಲ್ಲಿ ಪೆನ್ಸಿಲ್ ಹಿಡಿದಾಗಲೆಲ್ಲ ಮೇಷ್ಟ್ರು ಅದೇ ಕೈಯ ಗೆಣ್ಣಿನ ಮೇಲೆ ರೂಲರಿನ ಅಂಚಿನಿಂದ ಹೊಡೆಯುತ್ತಿದ್ದರು. "ಬರೆಯೋದಾದ್ರೆ ನಾಲ್ಕು ಜನರ ಹಾಗೆ ಬರಿ." ಬರೆದ. ಬಲಗೈಯಲ್ಲೇ, ಗಾಳಿಗೆ ಸಿಕ್ಕಿದ ಒಣಬಟ್ಟೆಯಂಥ ಅಕ್ಷರ. ಎಲ್ಲರ ಅಕ್ಷರ ಮುಂದೆ ಹೋಯಿತು, ಅವನದು ಅಲ್ಲೇ ಉಳಿಯಿತು. ಒಂದು ದಿನ ಚೀಲ ಬಿಸಾಕಿ ಗ್ಯಾರೇಜಿಗೆ ಬಂದ. ಅಲ್ಲಿ ಯಾವ ಕೈ ಎಂದು ಕೇಳುವವರಿರಲಿಲ್ಲ. ತಗಡು ನೇರ ಆದರೆ ಸರಿ. ಕೈ ತನ್ನಷ್ಟಕ್ಕೆ ತಾನು ಎಡಕ್ಕೆ ಮರಳಿತು. ಮೇಷ್ಟ್ರ ಕೈಗೆ ಸಿಕ್ಕಿದ್ದ ಬಲಗೈಯಲ್ಲಿ ಉಳಿದದ್ದು ಒಂದು ಸಹಿ ಮಾತ್ರ.

ಸುತ್ತಿಗೆ ಜಾರಿದ ಸುದ್ದಿ ಕೇಳಿ ಅಕ್ಕ ಅವನನ್ನು ದರದರ ಎಳೆದುಕೊಂಡೇ ಆಸ್ಪತ್ರೆಗೆ ಹೊರಟಳು. ಗಂಡನ ಮನೆಯಲ್ಲಿ ತಮ್ಮನನ್ನೂ ಇಟ್ಟುಕೊಂಡು, ಅವನು ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಿದ್ದವಳು ಅವಳೇ. ದಿನಾ ಬೆಳಗ್ಗೆ ಎದ್ದ ಕೂಡಲೇ ಅವನ ತೋಳಿಗೆ ಕಿವಿಯಿಟ್ಟು ಗುಂಯ್ ಎನ್ನುತ್ತಿದೆಯೇ ನೋಡುವುದೂ ಅವಳ ಕೆಲಸ. ಶಬ್ದ ನಿಂತರೆ ನಾಳ ಕಟ್ಟಿಕೊಂಡಿತು ಎಂದರ್ಥ, ಕೂಡಲೇ ಓಡಿ ಬನ್ನಿ ಎಂದು ಸಿಸ್ಟರು ಹೇಳಿದ್ದರು. ಕಿವಿಯಿಡುವಾಗ ಬೆರಳು ತಣ್ಣಗಿರುವುದು ಅವಳಿಗೂ ತಿಳಿಯುತ್ತಿತ್ತು. ಶಬ್ದ ಇದೆಯಲ್ಲ ಎಂದು ಸುಮ್ಮನಿದ್ದಳು.

ಡಾಕ್ಟರ ಕೋಣೆಯ ಹೊರಗೆ ಕಾಯುವವರ ಬೆಂಚು ತುಂಬಿ ಗೋಡೆಯುದ್ದಕ್ಕೂ ಜನ ನಿಂತಿದ್ದರು. ಇವರ ಸರದಿ ಬಂದಾಗ ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಿದ್ದರು. ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡಿನ ತುಂಡು. ಅವರೂ ದಣಿದಿದ್ದರು. ಆದರೆ ಅವರ ದಣಿವಿಗೆ ಕುರ್ಚಿ ಮೆತ್ತಗಿತ್ತು ಎಂದುಕೊಂಡ ಎಡಚ.

"ಸುತ್ತಿಗೆ ಜಾರ್ತಿದೆ ಸಾರ್. ಕೆಲಸ ಹೋಗ್ತಿದೆ."

"ಯಾವ ಕೈಲಿ ಹಿಡೀತೀಯಾ?"

"ಎಡಗೈ."

ಡಾಕ್ಟರು ತಲೆ ಎತ್ತಿದರು. "ನೀನು ಬಲಗೈಯವನು ಅಂತ ಹೇಳಿದ್ದೆಯಲ್ಲ?"

"ನಾನೆಲ್ಲಿ ಹೇಳ್ದೆ? ಬರೆಯೋ ಕೈ ಯಾವುದು ಅಂತ ನಿಮ್ಮ ಚಿಕ್ಕ ಡಾಕ್ಟ್ರು ಕೇಳಿದ್ರು. ಬಲ ಅಂದೆ. ಅವತ್ತು ಕತ್ತಿನಲ್ಲಿ ಪೈಪು, ಕಾಲು ಊದಿ ಕಂಬ, ಉಸಿರು ಎಳೆಯೋದೇ ದೊಡ್ಡದು. ಯಾಕೆ ಕೇಳ್ತಿದ್ದಾರೆ ಅಂತ ಯಾರಿಗೆ ಗೊತ್ತು? ಸಹಿ ಹಾಕಿಸ್ಕೊಳ್ಳೋಕೆ ಅಂದ್ಕೊಂಡೆ."

"ಇಡೀ ಬೀದಿ ಇವನನ್ನ ಎಡಚ ಅಂತಲೇ ಕರೆಯೋದು ಡಾಕ್ಟ್ರೇ," ಎಂದಳು ಅಕ್ಕ. "ಹಾಲು ಹಾಕೋನಿಗೂ ಗೊತ್ತು. ನಿಮಗೊಬ್ಬರಿಗೇ ಗೊತ್ತಿಲ್ಲ."

ಫಿಸ್ಟುಲಾ ಇನ್ನೊಂದು ತೋಳಿಗಾಗಿ, ಕೆಲಸ ಮಾಡುವ ಕೈ ಉಳಿಯಲಿ ಎಂದೇ ಆ ಪ್ರಶ್ನೆ ಇಟ್ಟವರು ಡಾಕ್ಟರು. ಬರೆದು ಬದುಕಿದವರು, ಬರೆಯುವ ಕೈಯೇ ಕೆಲಸದ ಕೈ ಎಂಬುದರಲ್ಲಿ ಅವರಿಗಾಗಲಿ ಅವರ ಶಿಷ್ಯರಿಗಾಗಲಿ ಎಂದೂ ಅನುಮಾನ ಬಂದದ್ದಿಲ್ಲ. ಅವರು ಎದ್ದು ಬಂದು ಅವನ ಪಕ್ಕದ ಇನ್ನೊಂದು ಸ್ಟೂಲಿನ ಮೇಲೆ ಕೂತು ಎಡಗೈ ಹಿಡಿದರು. ಉಗುರು ಒತ್ತಿ ಬಿಟ್ಟರು. ಹೋದ ಬಣ್ಣ ಬರಲು ಸೋಮಾರಿತನ ಮಾಡಿತು. ಆಮೇಲೆ ಉಬ್ಬಿದ ನಾಳದ ಮೇಲೆ ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿದರು. ಗುಂಯ್ ಎನ್ನುವುದು ನಿಂತಿತು. ಅಕ್ಕನ ಕೈ ತಾನಾಗಿ ಎದೆಗೆ ಹೋಯಿತು.

"ಏನನ್ನಿಸ್ತಿದೆ?"

ಎಡಚ ತನ್ನ ಬೆರಳುಗಳನ್ನೇ ನೋಡಿದ. ಮೊದಲು ಇರುವೆ ಹರಿದಂತೆ. ಆಮೇಲೆ ತುದಿಯಲ್ಲಿ ತುಸು ಬಿಸಿ. ಮೇಣದ ಬಿಳಿ ಕರಗಿ ಕೆಂಪು ಇಳಿದುಬಂತು. ತಿಂಗಳುಗಳಿಂದ ಎಲ್ಲೋ ಹೋಗಿದ್ದ ಕೈ ಮನೆಗೆ ಬಂದಿತ್ತು.

"ಬಂತು," ಎಂದ.

ಡಾಕ್ಟರು ಹೆಬ್ಬೆರಳು ತೆಗೆದರು. ಶಬ್ದ ಮರಳಿತು, ಕೈ ಮತ್ತೆ ಹೊರಟುಹೋಯಿತು.

"ಬೆರಳಿಗೆ ಹೋಗೋ ರಕ್ತವನ್ನ ನಾನು ಹೊಲಿದ ನಾಳ ಕದೀತಿದೆ," ಎಂದರು ಮೆಲ್ಲಗೆ. "ಪೂರ್ತಿ ಮುಚ್ಚಿಬಿಟ್ಟರೆ ಕೈ ಉಳಿಯುತ್ತೆ. ಆದರೆ ಡಯಾಲಿಸಿಸ್ಸಿಗೆ ಮತ್ತೆ ಕತ್ತಿಗೆ ಪೈಪು."

ಹಿಂದಿನ ಸಲ ಆ ಪೈಪಿಗೆ ಕೀವು ಹತ್ತಿ, ಮೂರು ಕಂಬಳಿ ಹೊದ್ದರೂ ನಿಲ್ಲದ ಚಳಿಜ್ವರದಲ್ಲಿ ಅವನು ಗಡಗಡ ನಡುಗಿದ್ದನ್ನು ಅಕ್ಕ ಕಂಡಿದ್ದಳು. ಅವಳು ತಲೆ ಅಲ್ಲಾಡಿಸಿದಳು, ಬೇಡವೇ ಬೇಡ ಎಂದು.

"ಬಲಗೈಯಲ್ಲಿ ಹೊಸದು ಮಾಡೋಕಾಗಲ್ವಾ?"

"ಫಿಸ್ಟುಲಾಕ್ಕೆ ಎಡಗೈ ನಾಳ ಉಳಿಸಬೇಕು ಅಂತ ಸಿಕ್ಕ ಸೂಜಿಯೆಲ್ಲ ಬಲಗೈಗೇ ಚುಚ್ಚಿದ್ದೀವಮ್ಮ. ಅಲ್ಲಿ ಒಳ್ಳೇ ನಾಳ ಉಳಿದಿಲ್ಲ." ಕನ್ನಡಕ ಒರೆಸುತ್ತಾ ಅವನ ಕಡೆ ತಿರುಗಿದರು. "ಬಲಗೈಲಿ ಕೆಲಸ ಕಲಿಯೋಕೆ..."

"ಅದನ್ನ ಮಾತ್ರ ಹೇಳ್ಬೇಡಿ!" ಎಡಚ ಎದ್ದ ರಭಸಕ್ಕೆ ಅವನು ಕೂತಿದ್ದ ಸ್ಟೂಲು ಉರುಳಿತು. ಬಾಗಿಲ ಹೊರಗಿನ ಮಾತುಗಳು ನಿಂತವು. "ಒಂದ್ಸಲ ಕೈ ಬದಲಾಯಿಸಿದ್ದೀನಿ ಸಾರ್. ಮೇಷ್ಟ್ರು ಹೊಡೆದು ಬದಲಾಯಿಸಿದ್ರು. ಆ ಕೈಲಿ ಅವರಿಗೆ ಬೇಕಾದದ್ದು ಬರ್ದೆ, ನನಗೇನೂ ಬರ್ಲಿಲ್ಲ. ಈಗ ನೀವು. ನಾಳೆ ಇನ್ಯಾರು? ನನ್ನ ನಾಳ ನಂಬರ್ ಒನ್, ಸರಿ. ಅದರ ಮುಂದೆ ಒಂದು ಕೈ ಇದೆ ಅಂತ ನಿಮ್ಮಲ್ಲಿ ಒಬ್ಬರಾದ್ರೂ ನೋಡಿದ್ರಾ? ಮುಟ್ಟಿದ್ರಿ, ಗುಂಯ್ ಅಂತು, ಹೋದ್ರಿ!"

"ಮೆಲ್ಲಗೋ," ಎಂದಳು ಅಕ್ಕ. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ.

ಡಾಕ್ಟರು ಬಗ್ಗಿ ಸ್ಟೂಲನ್ನು ಎತ್ತಿ ನಿಲ್ಲಿಸಿದರು. "ಕೂತ್ಕೋ. ಇನ್ನೊಂದು ದಾರಿ ಇದೆ. ನಾಳದ ಬಾಯಿಗೆ ದಾರ ಕಟ್ಟಿ ಸ್ವಲ್ಪ ಬಿಗಿ ಮಾಡೋದು. ಅಷ್ಟು ರಕ್ತ ಬೆರಳಿಗೆ ಉಳಿಯುತ್ತೆ. ಬಿಗಿ ಕಡಿಮೆ ಆದ್ರೆ ಕೈಗೆ ಲಾಭ ಇಲ್ಲ. ಹೆಚ್ಚಾದ್ರೆ ನಾಳ ಕಟ್ಟಿಕೊಳ್ಳುತ್ತೆ. ಆಗ ಪೈಪೇ ಗತಿ. ಸುಳ್ಳು ಹೇಳಲ್ಲ, ಎರಡೂ ಆಗಬಹುದು."

"ಕಟ್ಟಿಕೊಂಡ್ರೆ ನಿಮ್ಮ ಸಂಶೋಧನೇಲಿ ನಾನು ಫೇಲ್ ಅಲ್ವಾ?"

"ನೀನಲ್ಲಪ್ಪ, ನಾನು."

"ಹಾಗಾದ್ರೆ ಮಾಡಿ. ಒಂದ್ಸಲ ನೀವೂ ಫೇಲಾಗಿ ನೋಡಿ. ಜೀವ ಏನೂ ಹೋಗಲ್ಲ, ನಾನು ಬದುಕಿದ್ದೀನಲ್ಲ."

ಡಾಕ್ಟರು ನಕ್ಕರೋ ಉಸಿರು ಬಿಟ್ಟರೋ ತಿಳಿಯಲಿಲ್ಲ.

ಆಪರೇಷನ್ ಕೋಣೆಯಲ್ಲಿ ಮೊಣಕೈ ಹತ್ತಿರಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು. ಎಡಚ ಎಚ್ಚರವಾಗಿಯೇ ಮಲಗಿದ್ದ. ಮುಖಕ್ಕೂ ತೋಳಿಗೂ ನಡುವೆ ಹಸಿರು ಬಟ್ಟೆಯ ಪರದೆ. ಆಚೆಯಿಂದ ಡಾಕ್ಟರ ದನಿ ಮಾತ್ರ ಬರುತ್ತಿತ್ತು. ಬೆರಳಿಗೆ ಕ್ಲಿಪ್ಪೊಂದನ್ನು ಸಿಕ್ಕಿಸಿ ಸಿಸ್ಟರೊಬ್ಬರು ಮಾನಿಟರಿನ ಅಂಕಿ ಓದುತ್ತಿದ್ದರು. ನಾಳದ ಶಬ್ದವನ್ನು ಚಿಕ್ಕ ಪೆಟ್ಟಿಗೆಯೊಂದು ಇಡೀ ಕೋಣೆಗೆ ಕೇಳಿಸುತ್ತಿತ್ತು, ಜೋರು ಗಾಳಿಯ ಹಾಗೆ.

"ಬಿಗಿ ಮಾಡ್ತಿದ್ದೀನಿ. ಬೆರಳಿಗೆ ಏನಾದ್ರೂ ಗೊತ್ತಾದ್ರೆ ಹೇಳು."

"ಏನೂ ಇಲ್ಲ."

"ಈಗ?"

"ಇಲ್ಲ."

ಗಾಳಿ ಸಣ್ಣಗಾಯಿತು.

"ಈಗ?"

ಇರುವೆ. ಒಂದು, ಆಮೇಲೆ ಸಾಲು. "ಬರ್ತಿದೆ ಸಾರ್... ಇನ್ನೊಂದಿಷ್ಟು."

ಇನ್ನೊಂದಿಷ್ಟು ಎಂದದ್ದು ಅವನೇ. ಡಾಕ್ಟರು ಎಳೆದರು. ಬಿಸಿ ಬೆರಳ ತುದಿಗೆ ಧುಮುಕಿತು, ಅದೇ ಗಳಿಗೆಗೆ ಪೆಟ್ಟಿಗೆ ಮೂಕವಾಯಿತು.

ಕತ್ತಿನ ಹಳೆಯ ಗಾಯ ಚುರುಗುಟ್ಟಿದಂತಾಗಿ ಎಡಚ ಕಣ್ಣು ಮುಚ್ಚಿದ. ಇಷ್ಟು ದಿನ ಆ ಶಬ್ದವನ್ನು ಬೈದುಕೊಂಡು ಮಲಗಿದವನು ಈಗ ಅದಕ್ಕಾಗಿ ಮೈಯೆಲ್ಲ ಕಿವಿಯಾಗಿದ್ದ. ಪರದೆಯಾಚೆ ಕತ್ತರಿ ಕಟ್ ಎಂದಿತು. ಡಾಕ್ಟರು ದಾರ ಕತ್ತರಿಸಿ ಬಿಚ್ಚಿ, ಹೊಸದನ್ನು ಮತ್ತೆ ಸುತ್ತುತ್ತಿದ್ದರು. ಹೊತ್ತು ಹೋಯಿತು. ಆಮೇಲೆ ಪೆಟ್ಟಿಗೆಯಲ್ಲಿ ಎಳೆಮಗುವಿನ ಉಸಿರಾಟದಂಥ ಸದ್ದು. ತೆಳ್ಳಗೆ, ಆದರೆ ಬಿಡದೆ.

"ಬೆರಳು?"

"ಬೆಚ್ಚಗಿದೆ. ಪೂರ್ತಿ ಅಲ್ಲ."

"ಪೂರ್ತಿ ಕೊಡೋಕೆ ನನ್ನ ಹತ್ರ ಇಲ್ಲಪ್ಪ," ಎಂದರು ಡಾಕ್ಟರು. "ಇಲ್ಲಿಗೆ ನಿಲ್ಲಿಸ್ತೀನಿ."

ನಿಂತದ್ದು ಅಲ್ಲಿಗೇ. ನಾಳದಲ್ಲಿ ಹರಿವು ಕಡಿಮೆಯಾದ್ದರಿಂದ ಹರಿದ ಕುರ್ಚಿಯಲ್ಲಿ ಕೂರುವ ಹೊತ್ತು ಇನ್ನಷ್ಟು ಉದ್ದವಾಯಿತು. ಕಲಿಯುವ ಡಾಕ್ಟರುಗಳ ಹಿಂಡು ಈಗ ಬೇರೆ ಯಾರದೋ ತೋಳಿನ ಬಳಿ ನಿಲ್ಲುತ್ತಿತ್ತು. ಅಕ್ಕನಿಗೆ ಬೆಳಗ್ಗೆ ಶಬ್ದ ಕೇಳಲು ಕಿವಿಯನ್ನು ಮೊದಲಿಗಿಂತ ಒತ್ತಿ ಇಡಬೇಕಾಗುತ್ತಿತ್ತು, ಒಮ್ಮೊಮ್ಮೆ "ಉಸಿರಾಡ್ಬೇಡ, ಇರು" ಎಂದು ಅವನಿಗೇ ಗದರುತ್ತಿದ್ದಳು. ಗ್ಯಾರೇಜಿನಲ್ಲಿ ದೊಡ್ಡ ಸುತ್ತಿಗೆ ಎತ್ತಲಾಗಲಿಲ್ಲ. ಚಿಕ್ಕದನ್ನು ಹಿಡಿದ. ಜಾರಲಿಲ್ಲ. ಮೇಸ್ತ್ರಿ ಎರಡು ಬಾಗಿಲು ತನಕ ನೋಡಿ, ಮೂರನೆಯದಕ್ಕೆ, "ಏನೋ ಅದು, ತಗಡು ಬಡೀತಿದ್ದೀಯೋ ಅದಕ್ಕೆ ಲಾಲಿ ಹಾಡ್ತಿದ್ದೀಯೋ?" ಎಂದು ಬಾಯಿಗೆ ಬಂದ ಹಾಗೆ ಬೈದ. ಎಡಚನಿಗೆ ಹಾಯೆನಿಸಿತು.

ಹೊಲಿಗೆ ತೋರಿಸಲು ಹೋದ ದಿನ ಅವನಿಗಿಂತ ಮೊದಲಿನ ಸರದಿ ದಪ್ಪ ಕನ್ನಡಕದ ಅಜ್ಜಿಯೊಬ್ಬರದು. ಅವರ ಕತ್ತಿನಲ್ಲೂ ಪೈಪು ಇತ್ತು. ಚಿಕ್ಕ ಡಾಕ್ಟರು ಎದುರಿಗೆ ಕೂತು, ಎಡಚನನ್ನು ಕಂಡೂ ಕಾಣದ ಹಾಗೆ ನೋಡಿ, ಗಂಟಲು ಸರಿಮಾಡಿಕೊಂಡರು.

"ಅಜ್ಜೀ, ನೀವು ಕೆಲಸ ಮಾಡೋದು ಯಾವ ಕೈಯಲ್ಲಿ?"

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾಕಪ್ಪಾ, ನಿಮ್ಮ ಮನೇಲಿ ಒಂದೇ ಕೈಲಿ ಪಾತ್ರೆ ತೊಳೀತಾರಾ?"

ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡ ಡಾಕ್ಟರು ಬಂದು, ಅಜ್ಜಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು, ಅವರ ಎರಡೂ ಕೈಗಳನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡರು. ಹೊರಗೆ ಗೋಡೆಯುದ್ದಕ್ಕೂ ಜನ ಗೊಣಗತೊಡಗಿದರು, ಇವತ್ತೂ ಹೊತ್ತಾಯಿತು ಎಂದು. ಎಡಚ ಗೋಡೆಗೆ ಒರಗಿ, ಎಡಗೈಯನ್ನು ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡು ನಿಂತ.

"ಕೂತ್ಕೊಳ್ಳೋ, ಸುಸ್ತಾಗುತ್ತೆ," ಎಂದಳು ಅಕ್ಕ.

"ಆಗಿದೆ," ಎಂದ. "ಅಜ್ಜೀದು ಮುಗೀಲಿ."