ಅರ್ಪಣೆಯ ಸಾಲು

ಸೇಂಟ್ ಲೂಯಿಯ ಸಂಗೀತ ಪ್ರಕಾಶಕರೊಬ್ಬರ ಅಂಗಡಿಯಲ್ಲಿ ಝೆನೋಬಿಯಾ ತಾನು ಕಟ್ಟಿದ ರಾಗದ ಮೊದಲ ಸ್ವರಲಿಪಿಯ ಮುಖಪುಟವನ್ನು ಕೈಗೆತ್ತಿಕೊಂಡಳು. ‘ಸಂಜೆಯ ಜಗಲಿ’ ಎಂಬ ಹೆಸರಿನ ಕೆಳಗೆ ಮಸಿಯಂಥ ಮುಖವೊಂದು, ಕಿವಿಯಿಂದ ಕಿವಿಗೆ ಹಲ್ಲು ಕಿರಿದುಕೊಂಡು, ಕಲ್ಲಂಗಡಿ ಕಚ್ಚುತ್ತ ಕೂತಿತ್ತು. ಅವಳಂಥ ಕರಿಯರು ಕಟ್ಟಿದ ರಾಗಕ್ಕೆಲ್ಲ ಅಲ್ಲಿ ಅವರನ್ನು ಅಣಕಿಸುವ ಇದೇ ಮುಖ. ಹೋದ ವರ್ಷ ಒಂದು ಶೋಕಗೀತೆಗೂ ಇದೇ ಹಲ್ಲು ಕಿರಿದಿತ್ತು.

ಇದನ್ನು ಅಮ್ಮ ಪಿಯಾನೋದ ಮೇಲೆ ನಿಲ್ಲಿಸಿ ಚರ್ಚಿನವರನ್ನೆಲ್ಲ ಕರೆಯುವವಳಿದ್ದಳು.

“ಸಾಹೇಬರೇ, ನನ್ನ ರಾಗದಲ್ಲಿ ಕಲ್ಲಂಗಡಿ ಇಲ್ಲ.”

“ಜನ ಮೊದಲು ನೋಡೋದು ಚಿತ್ರ ಕಣಮ್ಮಾ, ನುಡಿಸೋದು ಆಮೇಲೆ,” ಎಂದರು ಪ್ರಕಾಶಕ ಹ್ಯಾವರ್‌ಕ್ಯಾಂಪ್. “ಅದಿರಲಿ, ಅರ್ಪಣೆ ಯಾರಿಗೆ? ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಹಾಕ್ತೀವಿ.”

ಅಮ್ಮನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಝೆನೋಬಿಯಾ ಚಿತ್ರವನ್ನು ಇನ್ನೊಮ್ಮೆ ನೋಡಿ ಅದನ್ನು ನುಂಗಿಕೊಂಡಳು.

“ನಿಮ್ಮ ಮನೆಯವರಿಗೆ.”

ಸಾಹೇಬರು ಉಬ್ಬಿಹೋದರು. ಅವರ ಹೆಂಡತಿ ಅದಕ್ಕಿಂತ ಹೆಚ್ಚು ಉಬ್ಬಿ, ಕಾಫಿಗೆ ಬರುವ ಗೆಳತಿಯರಿಗೆಲ್ಲ ಸುದ್ದಿ ಮುಟ್ಟಿಸಿದರು.

ಮುಂದಿನ ವಾರ ಅರ್ಪಣೆ ಸೇರಿಸಿದ ಮುಖಪುಟ ಬಂತು. ಕಲ್ಲಂಗಡಿಯ ರಸ ತೊಟ್ಟಿಕ್ಕುವ ಗಲ್ಲದ ಕೆಳಗೇ, ‘ಶ್ರೀಮತಿ ಕ್ಲೋಟಿಲ್ಡಾ ಹ್ಯಾವರ್‌ಕ್ಯಾಂಪ್.’ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದನ್ನ ನೋಡಿದವರು ಏನಂದ್ಕೋತಾರೆ?”

“ಜನ ಮೊದಲು ನೋಡೋದು ಚಿತ್ರ ಅಂತ ನೀವೇ ಅಂದಿದ್ರಲ್ಲ.”

“ಅರ್ಪಣೆ ತೆಗೆದುಬಿಡೋಣ.”

“ಆಗಲಿ. ಅಮ್ಮಾವ್ರಿಗೆ ನೀವು ಹೇಳ್ತೀರೋ, ನಾನು ಹೇಳಲೋ?”

ಸಾಹೇಬರು ಗಡ್ಡ ಕೆರೆದುಕೊಂಡರು. ಆಮೇಲೆ ಚಿತ್ರಕಾರನನ್ನು ಕೂಗಿದರು.

ಅಚ್ಚಾಗಿ ಬಂದ ಹಾಳೆಯಲ್ಲಿದ್ದದ್ದು ಒಂದು ಜಗಲಿ, ಒಂದು ದೀಪ, ಎರಡು ತೂಗುಕುರ್ಚಿ. ಅಮ್ಮ ಅದನ್ನು ಪಿಯಾನೋದ ಮೇಲಿಟ್ಟು, ಹಿಂದೆ ಸರಿದು ನೋಡಿದಳು.

“ಯಾರೇ ಈ ಕ್ಲೋಟಿಲ್ಡಾ? ನನ್ನ ಜಾಗದಲ್ಲಿ ಕೂತವಳು?”

“ಕಾವಲಿಗೆ ಇಟ್ಕೊಂಡಿದ್ದೀನಮ್ಮಾ.” ಝೆನೋಬಿಯಾ ನಡೆದದ್ದನ್ನೆಲ್ಲ ಹೇಳಿದಳು.

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಖಾಲಿ ಕುರ್ಚಿಗಳ ಮೇಲೆ ಬೆರಳಾಡಿಸಿದಳು.

“ಕುರ್ಚಿ ಚೆನ್ನಾಗಿವೆ. ಮುಂದಿನ ಸಲ ನಾವಿಬ್ರೂ ಇಲ್ಲಿ ಕೂತಿರಬೇಕು. ಅಷ್ಟರಲ್ಲಿ ಆ ಚಿತ್ರಕಾರ ನಮ್ಮ ಮೂಗು ಸರಿಯಾಗಿ ಬರೆಯೋದು ಕಲೀಲಿ.”

ಝೆನೋಬಿಯಾ ಪಿಯಾನೋದ ಮುಂದೆ ಕೂತು ಮುಚ್ಚಳ ಎತ್ತಿದಳು.