ಖಾಲಿ ಜಾಗ ಕೇಳುವ ಬಗೆ

ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು ನಿಂತೇ ಹೋಗುವ ಅಮರಮ್ಮನಿಗೆ ರಾಯಚೂರಿನಲ್ಲೊಂದು ಕೋಣೆ ಸಿಕ್ಕರೆ ಸಾಕಾಗಿತ್ತು. ಎಂಬತ್ತೆಂಟನೇ ಇಸವಿಯಲ್ಲಿ ಸರಕಾರಿ ಕಂಪ್ಯೂಟರ್ ಕಚೇರಿಯ ನೌಕರಿ ಸಿಕ್ಕಾಗ ಓಣಿಗೆ ಓಣಿಯೇ ಹಿಗ್ಗಿತ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಸರಕಾರ ನೌಕರಿ ಕೊಟ್ಟರೂ ಊರು ಕೋಣೆ ಕೊಡಲೊಲ್ಲದು. ನಿನ್ನೆ ಸಂಜೆ ಮಹಾಂತಮ್ಮನವರ ಹಿತ್ತಲ ಕೋಣೆ ಬಾಡಿಗೆಗೆ ಕೇಳಲು ಹೋಗಿದ್ದಳು. ಕೋಣೆಯ ಬಾಗಿಲಿಗೆ ಬೀಗ, ಹೊಸ್ತಿಲಲ್ಲಿ ಬೇವಿನೆಲೆಯ ಕಸ. ಮನೆಯಲ್ಲಿದ್ದ ಮಹಾಂತಮ್ಮ ಕೂಡ್ರು ಅನ್ನುವ ಮೊದಲೇ ಜಾತಿ ಕೇಳಿದರು. ಅಮರಮ್ಮ ಮುಚ್ಚಿಡದೆ ಹೇಳಿದಳು.

"ಅಯ್ಯ ಯವ್ವಾ, ಮುಂಜಾನಿನೇ ಒಬ್ಬರಿಗೆ ಕೊಟ್ಟುಬಿಟ್ಟೀವಲ್ಲ!"

ನಿಜವೇ ಇದ್ದೀತು ಎಂದುಕೊಂಡಳು. ಹಾಗೆ ಅಂದುಕೊಂಡು ಅಂದುಕೊಂಡೇ ಅವಳು ಸೋತಿದ್ದಳು.

ಇವತ್ತು ಕಚೇರಿಯಲ್ಲೂ ಅಂಥದೇ ಗೋಳು. ಅವಳು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ ಕಂಪ್ಯೂಟರಿನ ಮೆಮೊರಿಯಲ್ಲಿ ಇಂಥಲ್ಲಿಂದ ಇಂಥಲ್ಲಿವರೆಗೆ ಜಾಗ ಬೇಕು. ಅಲ್ಲಿ ಮೊದಲೇ ಬೇರೇನೋ ಇದ್ದರೆ ಅದನ್ನು ಅಳಿಸಿದಂತಾಗುತ್ತದೆ. ಖಾಲಿ ಇದೆಯೇ ನೋಡೋಣ ಎಂದು ಮುಟ್ಟಿದರೋ, ಖಾಲಿ ಜಾಗ ಮುಟ್ಟಿದ ತಪ್ಪಿಗೆ ಪ್ರೋಗ್ರಾಮೇ ಸತ್ತು ಬೀಳುತ್ತದೆ. ಬೆಳಗಿನಿಂದ ಸಾಯುತ್ತಲೇ ಇತ್ತು.

ಪಕ್ಕದ ಕುರ್ಚಿಯ ವಿರೂಪಣ್ಣ ದೇವದುರ್ಗದ ಅಕ್ಕಿ ಗಿರಣಿಯವರ ಮಗ. ಬಾಯಿ ಬೊಂಬಾಯಿ, ಮನಸ್ಸು ಬಂಗಾರ.

"ನೀವ್ಯಾಕ ಮುಟ್ಟಾಕ ಹೋಗ್ತೀರಿ? ಇಡೀ ಕಂಪ್ಯೂಟರ್ ನಡೆಸೋ ಆಪರೇಟಿಂಗ್ ಸಿಸ್ಟಮ್ಮಿಗೆ ಹೇಳ್ರಿ, ಅಲ್ಲಿಂದ ಒಂದು ಅಕ್ಷರ ತಗೊಂಡು ಪೈಪಿಗೆ, ಅಂದ್ರ ಅದರದೇ ಸಾಗಣೆ ಕೊಳವಿಗೆ, ಹಾಕು ಅಂತ. ಅದು ದೊಡ್ಡ ಮನಿಷಾ, ಅದಕ್ಕೇನೂ ಆಗಂಗಿಲ್ಲ. ಖಾಲಿ ಇದ್ರ, ಅಲ್ಲೇನೂ ಇಲ್ಲ, ವಿಳಾಸ ತಪ್ಪೈತಿ ಅಂತ ಬಂದು ಹೇಳ್ತದ. ಜಾಗದ ತುಂಡು ತುಂಡಿಗೂ ಹಂಗ ಕೇಳಿಸ್ಕೋತ ಹೋಗ್ರಿ."

ಕೇಳಿಸಿದಳು. ಈ ತುದಿಯಿಂದ ಆ ತುದಿಯವರೆಗೂ ಖಾಲಿ. ಪ್ರೋಗ್ರಾಮು ಸಾಯಲಿಲ್ಲ. ಸಂತೋಷಪಡಬೇಕಿತ್ತು, ಅದಕ್ಕೂ ತ್ರಾಣವಿರಲಿಲ್ಲ. ಬದಲಿಗೆ ಒಂದು ಯೋಚನೆ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು.

"ವಿರೂಪಣ್ಣಾರ, ಮಹಾಂತಮ್ಮನವರ ಮನಿಯಾಗ ಕೋಣಿ ಖಾಲಿ ಅದ ಏನು, ಒಂದು ಮಾತು ಕೇಳಿ ಬರ್ತೀರೇನ್ರಿ? ನನ್ನ ಹೆಸರು ಎತ್ತಬ್ಯಾಡ್ರಿ."

ನಿನ್ನೆಯ ಸಂಗತಿ ಗೊತ್ತಿರದ ವಿರೂಪಣ್ಣ ಊಟದ ಬಿಡುವಿನಲ್ಲಿ ಹೋಗಿ ನಗುತ್ತ ಮರಳಿ ಬಂದ. ಅವರ ಮನೆಯಲ್ಲಿ ಅವನಿಗೆ ಚಹಾ ಬೇರೆ ಆಗಿತ್ತು.

"ಖಾಲಿ ಅದರೀ! ಖಾಲಿ ಬಿದ್ದು ತಿಂಗಳಾತಂತ, ಯಾರೂ ಬಂದಿಲ್ಲಂತ. ಯಾವಾಗ ಬೇಕಾದ್ರ ಬಾ ತಮ್ಮಾ ಅಂತ ಕೀಲಿಕೈನೂ ಕೊಟ್ಟುಬಿಟ್ರು. ತಗೋರಿ, ಬಸ್ಸಿನ ಪೀಡಾ ತಪ್ಪಿತು ನಿಮಗ!"

ಅಮರಮ್ಮನಿಗೆ ಇನ್ನು ಮೇಲೆ ನಿಜವೇ ಇದ್ದೀತು ಎಂದುಕೊಳ್ಳುವ ಸಮಾಧಾನವೂ ಇಲ್ಲ. ಅವನು ಚಾಚಿದ ಕೈಯಲ್ಲಿದ್ದ ಕೀಲಿಕೈಯನ್ನು ಅವಳು ಮುಟ್ಟಲಿಲ್ಲ.

"ನಿಮ್ಮ ಹತ್ರಾನೇ ಇರ್ಲಿ ಬಿಡ್ರಿ," ಎಂದಳು. "ಅವರು ಕೊಟ್ಟಿದ್ದು ನಿಮಗ."