ಪ್ರೇಮಕ್ಕ ವಾಪಸ್ ಬರುವುದು ಯಾಕೆ?

ನಮ್ಮ ಕಡೆ ಸರಕಾರಕ್ಕೆ ಅರ್ಜಿ ಬರೆಯುವಾಗ ಮೊದಲು ಅಳಬೇಕು. ವಿಧವಾ ವೇತನವಿರಲಿ, ದಾರಿದೀಪವಿರಲಿ, ಕುಸಿದ ಮೋರಿಯಿರಲಿ, ‘ನಾನು ಬಡವಳು, ನನಗೆ ಹಿಂದೆ ಮುಂದೆ ಯಾರೂ ಇಲ್ಲ, ತಾವು ದಯಮಾಡಿ’ ಎಂದು ಶುರು ಮಾಡದಿದ್ದರೆ ಅದು ಅರ್ಜಿಯೇ ಅಲ್ಲ. ಹಾಗೆ ಬರೆಯುವುದರಲ್ಲಿ ರುಕ್ಮಯ್ಯಣ್ಣನನ್ನು ಮೀರಿಸುವವರು ನಮ್ಮ ಊರು ಮುಂಡಾಜೆಯಲ್ಲಿ ಇಲ್ಲ. ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ನನಗೆ ಬರೆದುಕೊಟ್ಟ ಅರ್ಜಿ ಓದಿದರೆ ನನಗೇ ನನ್ನ ಮೇಲೆ ಕನಿಕರ ಹುಟ್ಟುತ್ತದೆ. ಒಳ್ಳೆಯ ಮನುಷ್ಯ, ಯಾರಿಂದಲೂ ಏನೂ ತೆಗೆದುಕೊಂಡವರಲ್ಲ. ಆ ಒಳ್ಳೆಯ ಮನುಷ್ಯನ ಅರ್ಜಿಯಿಂದಲೇ ನಮ್ಮ ಪ್ರೇಮಕ್ಕನಿಗೆ ಆಗಬಾರದ್ದು ಆಯಿತು. ನಮ್ಮ ಸ್ವಸಹಾಯ ಸಂಘದವರೆಲ್ಲ ಕೇಳಲಿ ಎಂದು ಹೇಳುತ್ತಿದ್ದೇನೆ. ನಾನು ನೀಲಾವತಿ, ಪ್ರೇಮಕ್ಕನ ಪಕ್ಕದ ಮನೆಯವಳು.

ಪ್ರೇಮಕ್ಕ ಎಂದರೆ ಪ್ರೇಮಾವತಿ. ಎಪ್ಪತ್ತರ ಹತ್ತಿರ. ಗಂಡ ಚನಿಯಪ್ಪಣ್ಣ ಈಗಿಲ್ಲ. ಮಗ ವಸಂತ, ಸೊಸೆ, ಮೊಮ್ಮಕ್ಕಳು ಜೊತೆಯಲ್ಲೇ ಇದ್ದಾರೆ. ಮಗಳು ವಿಸ್ಮಿತಾ ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ಅವಳಿಗೆ ಸಾತ್ವಿಕಾ ಹುಟ್ಟಿದಳು. ದಿನ ತುಂಬುವ ಮೊದಲೇ ಹುಟ್ಟಿದ ಮಗು. ಶ್ವಾಸಕೋಶ ಇನ್ನೂ ಗಟ್ಟಿಯಾಗಿಲ್ಲ, ಕೆಲವು ವರ್ಷ ವಿಮಾನ ಹತ್ತಿಸಬೇಡಿ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಮಗು ಬರುವ ಹಾಗಿಲ್ಲ ಎಂದ ಮೇಲೆ ಅಜ್ಜಿಯೇ ಹೋಗಬೇಕು.

ಒಂದು ದಿನ ವಿಸ್ಮಿತಾ ಫೋನಿನಲ್ಲಿ ಹೇಳಿದಳು, “ಅಮ್ಮ, ಮಗು ನಮ್ಮ ಅಪ್ಪನ ಹಾಗೆಯೇ ಉಂಟು. ಅದೇ ಹಣೆ. ನಗುವಾಗ ಬಾಯಿ ಒಂದು ಬದಿಗೆ ಹೋಗ್ತದೆ, ಅದೂ ಅಪ್ಪನದ್ದೇ.”

ಅವತ್ತಿನಿಂದ ಪ್ರೇಮಕ್ಕನಿಗೆ ಬೇರೆ ಯೋಚನೆ ಇಲ್ಲ. ಫೋನಿನ ಸಣ್ಣ ಪರದೆಯಲ್ಲಿ ಅವರಿಗೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಮಂಗಳೂರಿನ ಕಣ್ಣಿನ ಡಾಕ್ಟರು ಆಗಲೇ ಹೇಳಿದ್ದರು, ಕಣ್ಣಿನ ಹಿಂದಿನ ಪರದೆ ನಡುವಿನಿಂದ ಹಾಳಾಗುತ್ತಾ ಬರುತ್ತಿದೆ ಎಂದು. ಇಂಜೆಕ್ಷನ್ ಕೊಟ್ಟು ಸ್ವಲ್ಪ ತಡೆಯಬಹುದು, ಹೋದ ದೃಷ್ಟಿ ಮರಳುವುದಿಲ್ಲ. ದಾರಿ ಕಾಣುತ್ತದೆ, ಬಾಗಿಲು ಕಾಣುತ್ತದೆ, ಹಟ್ಟಿಯ ದನ ಕಾಣುತ್ತದೆ. ಮನುಷ್ಯರ ಮುಖ ಕಾಣದೆ ಹೋಗುತ್ತದೆ.

“ನೀಲೂ, ಮುಖ ಕಾಣುವಷ್ಟರ ಒಳಗೆ ಒಮ್ಮೆ ಹೋಗಿ ಬರ್ತೇನೆ,” ಎಂದರು ನನ್ನ ಹತ್ತಿರ. “ಅವರ ಹಾಗೆ ಉಂಟಾ ಅಂತ ನಾನೇ ನೋಡಿದ್ರೆ ಸಾಕು. ಮತ್ತೆ ಕಣ್ಣು ಹೋದ್ರೂ ಹೋಗ್ಲಿ.”

ವೀಸಾಕ್ಕೆ ಹಾಕುವುದು ಎಂದಾಯಿತು. ಬೆಳ್ತಂಗಡಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬುವುದು, ಜೊತೆಗಿಡುವ ಪತ್ರವನ್ನು ರುಕ್ಮಯ್ಯಣ್ಣ ಬರೆಯುವುದು. ಅಂಗಡಿಯವನು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾನೆ.

“ಅಮ್ಮನ ಹೆಸರಿನಲ್ಲಿ ರಬ್ಬರ್ ತೋಟ ಉಂಟಲ್ಲ, ಅದನ್ನು ಬರೆಯುದಾ?” ಎಂದು ಕೇಳಿದ ವಸಂತ.

“ನಿನಗೆ ಹುಚ್ಚಾ? ಸರಕಾರದ ಎದುರು ಕೈಯಲ್ಲಿ ಉಂಟು ಅಂತ ಹೇಳಿದವರಿಗೆ ಯಾರು ಮಾರಾಯ ಕೊಡುದು? ಗಂಡ ಇಲ್ಲ, ಗತಿ ಇಲ್ಲ, ಮಗಳೊಬ್ಬಳೇ ಆಧಾರ ಅಂತ ಬರೆಯುವ. ಓದಿದವನ ಕಣ್ಣಲ್ಲಿ ನೀರು ಬರ್ಬೇಕು.”

“ನಾನು ಇದ್ದೇನಲ್ಲ ರುಕ್ಮಯ್ಯಣ್ಣ?”

“ಅರ್ಜಿಯಲ್ಲಿ ನೀನು ಇರುದು ಬೇಡ.”

ನಾವೆಲ್ಲ ನಕ್ಕೆವು. ಪ್ರೇಮಕ್ಕ ಬಟ್ಟೆಯ ಚೀಲ ತೆಗೆದು ಮಗುವಿಗೆಂದು ಮಾಡಿಸಿದ್ದ ಬೆಳ್ಳಿಯ ಉಡಿದಾರವನ್ನು ಅದರಲ್ಲಿಟ್ಟರು. ಬೆರಳಚ್ಚು ಕೊಡಲು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬೆಂಗಳೂರಿಗೆ ಹೋಗಿ ಬಂದರು. ಕೆಲವು ವಾರಗಳ ಮೇಲೆ ಉತ್ತರ ಬಂತು. ವೀಸಾ ಇಲ್ಲ.

ಯಾಕೆ ಇಲ್ಲ ಎಂದು ಆ ಕಾಗದದಲ್ಲೇ ಬರೆದಿತ್ತು. ಆದರೆ ‘ಇಲ್ಲ’ ಎಂದು ಗೊತ್ತಾದ ಮೇಲೆ ವಸಂತ ಮುಂದೆ ಓದಲಿಲ್ಲ. ಅವನ ಇಂಗ್ಲಿಷ್ ಅಷ್ಟಕ್ಕಷ್ಟೆ. ಇನ್ನೊಬ್ಬರ ಹತ್ತಿರ ಓದಿಸಲು ನಾಚಿಕೆ, ಊರೆಲ್ಲ ಮಾತಾಡಿಕೊಳ್ಳುತ್ತಾರಲ್ಲ ಎಂದು. ಇದೊಂದು ರೋಗ ನಮಗೆ. ಜ್ವರ ಬಂದರೆ ಹತ್ತು ಜನರಿಗೆ ಹೇಳುತ್ತೇವೆ, ಅರ್ಜಿ ತಿರಸ್ಕಾರವಾದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ.

“ಅವರ ಮನಸ್ಸು ಕರಗಿಲ್ಲ. ಇನ್ನೂ ಗಟ್ಟಿ ಬರೆಯುವ,” ಎಂದರು ರುಕ್ಮಯ್ಯಣ್ಣ.

ಎರಡನೆಯ ಸಲ ಪ್ರೇಮಕ್ಕನ ಮನೆಯ ಮಾಡು ಸೋರತೊಡಗಿತು, ಪತ್ರದಲ್ಲಿ ಮಾತ್ರ. ಮಗಳು ಡ್ಯೂಟಿಗೆ ಹೋದಾಗ ಮಗುವನ್ನು ನೋಡಿಕೊಳ್ಳಲು ಅಲ್ಲಿ ಜನ ಬೇಕು ಎಂದೂ ಸೇರಿಸಿದರು. ಅದೂ ತಿರಸ್ಕಾರ. ಮೂರನೆಯ ಸಲ ಪಂಚಾಯತ್ ಮೆಂಬರರ ಹತ್ತಿರ ಹೋಗಿ ‘ಇವರನ್ನು ನೋಡಿಕೊಳ್ಳುವವರು ಊರಿನಲ್ಲಿ ಯಾರೂ ಇಲ್ಲ’ ಎಂದು ಬರೆಸಿ ತಂದರು. ಆ ಕಾಗದ ತಂದವನು ಸ್ವತಃ ವಸಂತ. ತಾಯಿಗೆ ಯಾರೂ ಇಲ್ಲವೆಂದು ಮಗನೇ ಹೋಗಿ ಮೊಹರು ಹಾಕಿಸಿ ತಂದ.

ಅಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು. ಸಂಘದ ಸಭೆಯಲ್ಲಿ ಒಮ್ಮೆ ಪ್ರೇಮಕ್ಕ ನನ್ನ ಕಡೆ ನೋಡಿ, “ಯಾರದು, ಹೊಸಬರಾ?” ಎಂದು ಕೇಳಿದರು. ನಾನು ಅವರ ಎದುರಿಗೇ ಕುಳಿತಿದ್ದೆ. ನಾನು ಮಾತಾಡಿದ ಮೇಲೆ ಗುರುತು ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಬಂದು ಅತ್ತೆ.

ಮೂರನೆಯ ತಿರಸ್ಕಾರ ಬಂದ ದಿನ ಅವರು ಚೀಲದಿಂದ ಉಡಿದಾರ ತೆಗೆದು ಸೊಸೆಯ ಕೈಯಲ್ಲಿ ಕೊಟ್ಟರು. “ಎಲ್ಲಿಯಾದ್ರೂ ಇಡು. ನನಗೆ ಕಾಣುವಲ್ಲಿ ಇಡ್ಬೇಡ,” ಎಂದರು. ಆಮೇಲೆ ಅಂಗಳಕ್ಕೆ ಬಂದು ನನ್ನನ್ನು ಕೇಳಿದರು, “ನಾನೇನು ಕಳ್ಳಿಯಾ ನೀಲೂ? ಒಂದು ಮಗುವಿನ ಮುಖ ನೋಡ್ಲಿಕ್ಕೆ ಯಾಕೆ ಬಿಡುದಿಲ್ಲ ಅವರು?”

ಆಗ ವಸಂತನಿಗೆ ಮೂಡುಬಿದಿರೆಯಲ್ಲಿ ಒಬ್ಬ ಏಜೆಂಟ್ ಸಿಕ್ಕಿದ. ಹೊಸ ಪಾಸ್‌ಪೋರ್ಟ್ ಮಾಡಿಸುವುದು, ಮೂರು ಸಲ ತಿರಸ್ಕಾರವಾದದ್ದನ್ನು ಹೇಳುವುದೇ ಬೇಡ, ಬ್ಯಾಂಕಿನ ಕಾಗದ ತಾನೇ ತಯಾರು ಮಾಡುತ್ತೇನೆ, ವೀಸಾ ಗ್ಯಾರಂಟಿ ಎಂದನಂತೆ. ವಸಂತ ಒಪ್ಪಿಬಿಟ್ಟಿದ್ದ. ನನಗೆ ಅದು ಸರಿ ಕಾಣಲಿಲ್ಲ. ನಮ್ಮ ಹೈಸ್ಕೂಲಿನ ರಶೀನಾ ಟೀಚರ್ ನಮ್ಮ ರಸ್ತೆಯಲ್ಲೇ ಬಾಡಿಗೆಗಿದ್ದಾರೆ, ಬಂಟ್ವಾಳದವರು. ಅವರಿಗೆ ಎಲ್ಲ ಹೇಳಿ ಪ್ರೇಮಕ್ಕನ ಮನೆಗೆ ಕರೆದುಕೊಂಡೇ ಬಂದೆ. ರುಕ್ಮಯ್ಯಣ್ಣನೂ ಅಲ್ಲಿದ್ದರು.

ಟೀಚರ್ ತಿರಸ್ಕಾರದ ಮೂರೂ ಕಾಗದ ತರಿಸಿ ಪೂರ್ತಿ ಓದಿದರು. “ನನ್ನ ಉಮ್ಮನಿಗೂ ಎರಡು ಸಲ ಹೀಗೇ ಆಗಿತ್ತು, ನನ್ನ ತಮ್ಮನನ್ನು ನೋಡ್ಲಿಕ್ಕೆ ವಿದೇಶಕ್ಕೆ ಹೋಗುವಾಗ,” ಎಂದರು. ಆಮೇಲೆ ಪ್ರೇಮಕ್ಕನ ಹತ್ತಿರ ಕುಳಿತು ಕೇಳಿದರು, “ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಇಂಗ್ಲೆಂಡಿಗೆ ಹೋದವರು ನೀವು ವಾಪಸ್ ಯಾಕೆ ಬರ್ಬೇಕು?”

ಪ್ರೇಮಕ್ಕನಿಗೆ ಸಿಟ್ಟು ಬಂತು. “ಇದೆಂಥ ಪ್ರಶ್ನೆ ಟೀಚರ್? ಬಾರದೆ ಅಲ್ಲಿ ಎಂಥ ಮಾಡುದು? ಕೆಂಪಿ ದನ ನಾನಲ್ಲದೆ ಬೇರೆಯವರಿಗೆ ಹಾಲು ಬಿಡುದಿಲ್ಲ, ಸೊಸೈಟಿಗೆ ಹಾಲು ಕೊಡುದು ಯಾರು? ರಬ್ಬರ್ ಶೀಟ್ ಒಣಗ್ಲಿಕ್ಕೆ ಹಾಕಿದ್ರೆ ನಾನು ಮುಟ್ಟಿ ನೋಡದೆ ವಸಂತ ತೆಗೆಯುದಿಲ್ಲ. ಅವನ ಮಕ್ಕಳು ನನ್ನ ಹತ್ತಿರವೇ ಮಲಗುದು. ಕೆಡ್ಡಸದ ಹಬ್ಬಕ್ಕೆ ಈ ಮನೆಯಲ್ಲಿ ಭೂಮಿತಾಯಿಗೆ ಎಣ್ಣೆ ಬಿಡುವವಳು ನಾನು, ಮದುವೆಯಾಗಿ ಬಂದ ವರ್ಷದಿಂದ ತಪ್ಪಿಸಿಲ್ಲ. ಅಲ್ಲಿಯ ಚಳಿಯಲ್ಲಿ ಕೂತು ನಾನು ಸಾಯುದಾ?”

“ಇಷ್ಟರಲ್ಲಿ ಒಂದಾದ್ರೂ ಅರ್ಜಿಯಲ್ಲಿ ಉಂಟಾ?”

ಟೀಚರ್ ಕಾಗದವನ್ನು ಕನ್ನಡದಲ್ಲಿ ಹೇಳಿದರು. ಭೇಟಿ ಮುಗಿದ ಮೇಲೆ ನೀವು ಊರಿಗೆ ಮರಳುತ್ತೀರಿ ಎಂಬ ನಂಬಿಕೆ ನಮಗೆ ಬಂದಿಲ್ಲ, ಊರಿನಲ್ಲಿ ನಿಮ್ಮವರು, ನಿಮ್ಮ ಜವಾಬ್ದಾರಿ ಏನೂ ಕಾಣುವುದಿಲ್ಲ. ಮೂರು ಸಲವೂ ಅದೇ ಮಾತು.

“ವಿಧವಾ ವೇತನ ಕೊಡುವವರು ಇವರ ಹತ್ತಿರ ಏನೂ ಇಲ್ಲ ಅಂತ ನೋಡಿ ಕೊಡುದು,” ಎಂದರು ಟೀಚರ್. “ವೀಸಾ ಕೊಡುವವರು ಇವರಿಗೆ ಊರಲ್ಲಿ ಉಂಟು, ಹಾಗಾಗಿ ವಾಪಸ್ ಹೋಗ್ತಾರೆ ಅಂತ ನೋಡಿ ಕೊಡುದು. ಗತಿ ಇಲ್ಲ, ಯಾರೂ ಇಲ್ಲ ಅಂತ ನಾವೇ ಬರೆದ್ರೆ, ಇವರು ಹೋದ್ರೆ ಅಲ್ಲೇ ಉಳಿತಾರೆ ಅಂತಲ್ವಾ ಅವರಿಗೆ ಅರ್ಥ ಆಗುದು? ಮಗು ನೋಡ್ಲಿಕ್ಕೆ ಜನ ಬೇಕು ಅಂದ್ರೆ ಕೆಲಸಕ್ಕೆ ಹೋಗುದು ಅಂತ ಆಗ್ತದೆ.”

“ಕರುಣೆ ಅಂತ ಒಂದು ಉಂಟಲ್ಲ ಟೀಚರ್?” ಎಂದರು ರುಕ್ಮಯ್ಯಣ್ಣ, ಇನ್ನೂ ಸೋಲದೆ.

“ಉಂಟು. ಆದ್ರೆ ಅವರು ನೋಡುದು ಅದನ್ನಲ್ಲ.”

“ಏಜೆಂಟ್ ಗ್ಯಾರಂಟಿ ಅಂತ ಹೇಳಿದ್ದಾನೆ,” ಎಂದ ವಸಂತ.

“ಗ್ಯಾರಂಟಿ ಹೇಳುವವರ ಮನೆಗೆ ಹೋಗ್ಲೇಬೇಡಿ. ಇವರ ಬೆರಳಚ್ಚು ಅವರ ಹತ್ತಿರ ಉಂಟು, ಪಾಸ್‌ಪೋರ್ಟ್ ಬದಲಾದ್ರೆ ಬೆರಳು ಬದಲಾಗ್ತದಾ? ಸುಳ್ಳು ಕಾಗದ ಸಿಕ್ಕಿಬಿದ್ರೆ ವರ್ಷಗಟ್ಟಲೆ ಮತ್ತೆ ಹಾಕ್ಲಿಕ್ಕೇ ಆಗುದಿಲ್ಲ. ಮೂರು ಸಲ ಆದದ್ದನ್ನು ನಾವೇ ಹೇಳುವ. ಮೊದಲಿನ ಪತ್ರದಲ್ಲಿ ತಪ್ಪು ಬರೆದದ್ದನ್ನೂ ಒಪ್ಪಿಕೊಳ್ಳುವ.”

“ಹಾಗೆ ಮಾಡಿದ್ರೆ ಸಿಗ್ತದಾ?”

“ಸಿಕ್ಕೇ ಸಿಗ್ತದೆ ಅಂತ ನಾನು ಹೇಳುದಿಲ್ಲ. ಸತ್ಯ ಹೇಳಿದ್ರೆ ಸಿಗುವ ದಾರಿಯಾದ್ರೂ ಉಂಟು.”

ವಸಂತ ತಲೆ ತಗ್ಗಿಸಿ ಕುಳಿತಿದ್ದ. ಏಜೆಂಟಿನ ಫೋನ್ ಬಂತು, ಅವನು ಎತ್ತಲಿಲ್ಲ.

ಮರುದಿನದಿಂದ ಕಾಗದ ಒಟ್ಟು ಮಾಡಿದೆವು. ಜಾಗದ ಆರ್‌ಟಿಸಿ, ಹಾಲಿನ ಸೊಸೈಟಿಯ ಪುಸ್ತಕ, ಪ್ರೇಮಕ್ಕ ನಮ್ಮ ಸದಸ್ಯೆ ಎಂದು ಸಂಘದ ಪತ್ರ, ವಸಂತನ ಕುಟುಂಬದ ವಿವರ. ಕನ್ನಡದ್ದನ್ನೆಲ್ಲ ತಿಳಿದವರಿಂದ ಇಂಗ್ಲಿಷಿಗೆ ಮಾಡಿಸಿದೆವು. ವಿಸ್ಮಿತಾ ತನ್ನ ಕೆಲಸದ, ಮನೆಯ ದಾಖಲೆ ಕಳಿಸಿದಳು. ಖರ್ಚು ತನ್ನದು, ಅಮ್ಮ ಇಂಥ ದಿನ ಬಂದು ಇಂಥ ದಿನ ಮರಳುತ್ತಾರೆ ಎಂದು ಬರೆದಳು. ಮಗುವಿಗೆ ವಿಮಾನ ಆಗುವುದಿಲ್ಲ ಎಂಬ ಆಸ್ಪತ್ರೆಯ ಪತ್ರವೂ ಬಂತು. ಇದನ್ನು ಮೊದಲು ಕೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಪತ್ರ ಬರೆಯಲು ರುಕ್ಮಯ್ಯಣ್ಣನನ್ನೇ ಕೂರಿಸಿದರು ಟೀಚರ್. ಅವರು ಪೆನ್ನು ಹಿಡಿದರು, ಮತ್ತೆ ಕೆಳಗಿಟ್ಟರು. “ಇಡೀ ಜನ್ಮ ಇಲ್ಲ ಇಲ್ಲ ಅಂತ ಬರೆದ ಕೈ. ಉಂಟು ಅಂತ ಬರೆಯುದು ಹೇಗೆ ಟೀಚರ್?” ಎಂದರು. ಆಮೇಲೆ ಬರೆದರು. ಸಣ್ಣ ಪತ್ರ. ಅದರಲ್ಲಿ ದನವಿತ್ತು, ರಬ್ಬರ್ ಇತ್ತು, ವಸಂತನಿದ್ದ, ಮೊದಲು ತಪ್ಪು ಬರೆದಿದ್ದೆವು ಎಂಬ ಒಪ್ಪಿಗೆಯಿತ್ತು, ಕೆಡ್ಡಸದ ಮೊದಲು ಮನೆ ಸೇರಬೇಕು ಎಂದಿತ್ತು.

ಈ ಸಲ ವೀಸಾ ಬಂತು. ಕುಣಿದಾಡಬೇಕಿತ್ತು, ಯಾರೂ ಕುಣಿಯಲಿಲ್ಲ. ಆ ವಾರವೇ ಕಣ್ಣಿನ ಡಾಕ್ಟರು ಎರಡನೆಯ ಕಣ್ಣಿನ ನಡುಭಾಗವೂ ಹೋಯಿತು ಎಂದಿದ್ದರು. “ಇನ್ನು ಹೋಗಿ ಎಂಥ ನೋಡುದು?” ಎಂದರು ಪ್ರೇಮಕ್ಕ. ವಿಸ್ಮಿತಾ ಫೋನಿನಲ್ಲಿ ಅತ್ತಳು. ಸೊಸೆ ಉಡಿದಾರವನ್ನು ತಂದು ಚೀಲಕ್ಕೆ ಹಾಕಿದಳು. ಕೊನೆಗೆ ಹೋದರು.

ಹೇಳಿದ ದಿನಕ್ಕೇ ಮರಳಿ ಬಂದರು. ಕೆಡ್ಡಸದ ಬೆಳಿಗ್ಗೆ ಅಂಗಳದಲ್ಲಿ ಭೂಮಿಗೆ ಎಣ್ಣೆ ಬಿಟ್ಟರು, ಕೈ ತಪ್ಪಲಿಲ್ಲ. ನಾವು ಹೆಂಗಸರೆಲ್ಲ ಹುರಿದ ಅಕ್ಕಿ, ಬೆಲ್ಲ ತಿನ್ನುತ್ತಾ ಜಗಲಿಯಲ್ಲಿ ಕುಳಿತಿದ್ದೆವು. ಮಗುವಿನ ಕೂದಲು ಗುಂಗುರು ಎಂದರು. ಕಿವಿ ಸಣ್ಣದು, ಮಡಿಲಲ್ಲಿ ಮಲಗಿದರೆ ಉಸಿರು ಸ್ವಲ್ಪ ಗೊರಗೊರ ಎನ್ನುತ್ತದೆ, ಉಡಿದಾರ ಸೊಂಟಕ್ಕೆ ಬಿಗಿಯಾಯಿತು ಎಂದರು. ಉಡಿದಾರ ಮಾಡಿಸಿದಾಗ ಅವಳು ಕೈಕೂಸು.

ಯಾರೋ ಬಾಯಿತಪ್ಪಿ ಕೇಳಿಬಿಟ್ಟರು, “ಯಾರ ಹಾಗೆ ಉಂಟು ಪ್ರೇಮಕ್ಕ, ಮಗು?”

ಪ್ರೇಮಕ್ಕ ಒಳಗೆ ಹೋಗಿ ಮಗುವಿನ ಒಂದು ಫೋಟೊ ತಂದರು. ಕೈ ಚಾಚಿ ನನ್ನ ಕಡೆ ಹಿಡಿದರು.

“ನನಗೆ ಗೊತ್ತಿಲ್ಲ ನೀಲೂ. ಅವರನ್ನು ನೋಡಿದವಳಲ್ವಾ ನೀನು. ನೀನೇ ನೋಡಿ ಹೇಳು.”

ಅದೇ ಹಣೆ. ಒಂದು ಬದಿಗೆ ಹೋದ ಅದೇ ನಗು. “ಚನಿಯಪ್ಪಣ್ಣನದ್ದೇ ಮುಖ ಅಕ್ಕ,” ಎಂದೆ. ಅವರು ತಲೆಯಾಡಿಸಿ ಫೋಟೊವನ್ನು ವಾಪಸ್ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿರಿಯರಿಗೂ ವೀಸಾ ಇಲ್ಲವೆಂದು ಕಾಗದ ಬಂದಿದ್ದರೆ ಅದನ್ನು ಮುಚ್ಚಿಡಬೇಡಿ. ತಿಳಿದವರ ಹತ್ತಿರ ಇವತ್ತೇ ಕೊನೆಯವರೆಗೆ ಓದಿಸಿ. ಅದರಲ್ಲಿ ಕೇಳಿದ ಸಂಶಯಕ್ಕೆ ಉತ್ತರ ಕೊಡದೆ ಮತ್ತೆ ಹಾಕಬೇಡಿ. ಕನಿಕರ ಹುಟ್ಟಿಸಲು ಹೋಗಿ ಮಗನನ್ನು, ಹಟ್ಟಿಯ ದನವನ್ನು, ಸ್ವಂತ ಜಾಗವನ್ನು ಮರೆಮಾಡಬೇಡಿ. ಹಿಂದಿನ ತಿರಸ್ಕಾರವನ್ನು ಅಡಗಿಸಬೇಡಿ, ಗ್ಯಾರಂಟಿ ಎನ್ನುವವನ ಮೆಟ್ಟಿಲು ಹತ್ತಬೇಡಿ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಸಿಗದೆ ಹೋಗಬಹುದು, ಅದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ತಪ್ಪಿನಿಂದ ಕಳೆದ ಎರಡು ವರ್ಷ ನಮ್ಮ ಕೈಯಲ್ಲೇ ಇತ್ತು. ‘ನಿಮ್ಮ ಅಮ್ಮ ವಾಪಸ್ ಯಾಕೆ ಬರುತ್ತಾರೆ’ ಎಂದು ಮೊದಲ ಸಲವೇ ಕೇಳಿಕೊಳ್ಳಿ. ಅವರಿಗೆ ಮುಖ ಕಾಣುತ್ತಿರುವಾಗಲೇ ಕೇಳಿಕೊಳ್ಳಿ.